ಹವಾಮಾನ ಹೇಳುವವರು ಸಾಕಷ್ಟಿದ್ದಾರೆ

ಊರಿನ ಹೆಸರು ಹಾಕಿದರೆ ಅಲ್ಲಿನ ಹವಾಮಾನ ತೋರಿಸುವ ಆ್ಯಪ್. ಇವತ್ತು ಮಾಡಬೇಕಾದ ಕೆಲಸಗಳ ಪಟ್ಟಿ. ಸಿನಿಮಾ ಪೋಸ್ಟರುಗಳನ್ನು ಸಾಲಾಗಿ ಜೋಡಿಸಿದ, ಯಾವುದರ ನಕಲೆಂದು ನೋಡಿದೊಡನೆ ಗೊತ್ತಾಗುವ ಒಂದು ವೆಬ್‌ಸೈಟು. ಬೇರೆ ಕೆಲಸದಲ್ಲಿದ್ದು ಸಾಫ್ಟ್‌ವೇರಿಗೆ ಬರಹೊರಟವರ ಅರ್ಜಿಯಲ್ಲಿ ಈ ಮೂರು ಇದ್ದೇ ಇರುತ್ತವೆ. ಮುಂಬೈ ಹತ್ತಿರದ ಐರೋಲಿಯಲ್ಲಿ ಪ್ರೋಗ್ರಾಮರ್ ಆಗಿರುವ ನನ್ನ ಪಾಲಿಗೆ ಹೊಸಬರ ಅರ್ಜಿ ನೋಡುವ ಕೆಲಸವೂ ಬರುತ್ತದೆ. ಇಷ್ಟು ಜನ ಹವಾಮಾನ ಹೇಳುವವರಿದ್ದರೂ ಜುಲೈ ಬಂತೆಂದರೆ ಲೋಕಲ್ ರೈಲು ಎಲ್ಲಿ ನಿಂತಿದೆಯೆಂದು ತಿಳಿಯಲು ಠಾಕುರ್ಲಿ ಪ್ಲಾಟ್‌ಫಾರ್ಮಿನಲ್ಲಿ ಪಕ್ಕದವರನ್ನೇ ಕೇಳಬೇಕು.

ತಮಾಷೆ ಮಾಡುವುದು ಸುಲಭ. ಈ ಪ್ರಾಜೆಕ್ಟುಗಳ ಹಿಂದೆಯೂ ಕಾರಣವಿದೆ. ಹವಾಮಾನದ ಮಾಹಿತಿ ಪುಕ್ಕಟೆ ಸಿಗುತ್ತದೆ. ಅದನ್ನು ತರಿಸಿಕೊಳ್ಳುವುದು, ಪರದೆಯ ಮೇಲೆ ಚಂದವಾಗಿ ತೋರಿಸುವುದು, ಊರಿನ ಹೆಸರು ತಪ್ಪಾಗಿ ಬರೆದವರಿಗೆ ಏನು ಹೇಳಬೇಕೆಂದು ಯೋಚಿಸುವುದು, ನೆಟ್‌ವರ್ಕ್ ಕೈಕೊಟ್ಟಾಗ ಪರದೆ ಖಾಲಿ ಬೀಳದಂತೆ ನೋಡಿಕೊಳ್ಳುವುದು, ಹೀಗೆ ಹೊಸಬರು ಕಲಿಯಬೇಕಾದ ನಾಲ್ಕಾರು ಪಾಠ ಒಂದೇ ಕಡೆ ಸಿಗುತ್ತವೆ. ಸರಳೆ ವರಸೆ ಹಾಡದೆ ಯಾರೂ ಸಂಗೀತ ಕಲಿತಿಲ್ಲ. ಆದರೆ ಅದನ್ನೇ ಕಛೇರಿಗೆ ತಂದು ಹಾಡಿದರೆ ಕೇಳುವವನು ಏನೆನ್ನಬೇಕು? ಶ್ರುತಿ ಸರಿಯಿದೆ, ತಾಳ ತಪ್ಪಿಲ್ಲ ಎನ್ನಬಹುದು. ಈ ಮನುಷ್ಯ ಏನು ಹಾಡಬಲ್ಲ ಎಂಬುದು ಮಾತ್ರ ತಿಳಿಯುವುದಿಲ್ಲ.

ಕಲ್ಯಾಣ, ಠಾಕುರ್ಲಿ, ಡೊಂಬಿವಲಿಯ ಉದ್ದಕ್ಕೂ ಹೀಗೆ ‘ಸ್ವಿಚ್’ ಮಾಡಹೊರಟವರು ಬಿಲ್ಡಿಂಗಿಗೊಬ್ಬರಾದರೂ ಸಿಗುತ್ತಾರೆ. ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಕೆಮಿಕಲ್ ಫ್ಯಾಕ್ಟರಿಯ ಲ್ಯಾಬಿನಲ್ಲಿರುವವರು, ಖಾಸಗಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳುವವರು, ಮಗು ಸ್ಕೂಲಿಗೆ ಸೇರಿದ ಮೇಲೆ ಮತ್ತೆ ಕೆಲಸ ಹುಡುಕುತ್ತಿರುವ ತಾಯಂದಿರು. ಇಲ್ಲಿನ ನಮ್ಮ ಕನ್ನಡಿಗರಲ್ಲಿ ಬಿ.ಕಾಂ. ಓದಿದವರು ಹೆಚ್ಚು, ಡೊಂಬಿವಲಿ ಕರ್ನಾಟಕ ಸಂಘ ಠಾಕುರ್ಲಿಯ ಕಡೆ ಕಟ್ಟಿದ ಮಂಜುನಾಥ ಕಾಲೇಜು ಕೂಡ ವಾಣಿಜ್ಯದ ಕಾಲೇಜೇ. ಠಾಣೆಯಲ್ಲಿ ಗಾಡಿ ಬದಲಿಸಿದರೆ ಐರೋಲಿ, ರಬಾಳೆ, ಘನ್ಸೋಲಿ. 2004ರಲ್ಲಿ ಠಾಣೆ–ವಾಶಿ ರೈಲು ಓಡತೊಡಗಿದ ಮೇಲೆ ಅಲ್ಲಿನ ಗಾಜಿನ ಕಟ್ಟಡಗಳು ಇಲ್ಲಿನವರಿಗೆ ದಿನ ಹೋಗಿ ಬರಬಹುದಾದ ದೂರಕ್ಕೆ ಬಂದವು. ಸಂಬಳವೊಂದೇ ಆಸೆಯಲ್ಲ. 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ಎಂಐಡಿಸಿಯಲ್ಲಿ ಭಾರಿ ಸ್ಫೋಟವಾಗಿ ಜನ ಸತ್ತದ್ದನ್ನು, ಸುತ್ತಲಿನ ಮನೆಗಳ ಕಿಟಕಿ ಗಾಜು ಪುಡಿಯಾದದ್ದನ್ನು ಕಂಡವರಿಗೆ ರಿಯಾಕ್ಟರಿನ ಪಕ್ಕದ ಕೆಲಸಕ್ಕಿಂತ ಕೀಬೋರ್ಡಿನ ಮುಂದಿನ ಕೆಲಸ ಏಕೆ ಬೇಕೆನಿಸುತ್ತದೆಂದು ವಿವರಿಸಬೇಕಿಲ್ಲ.

ದಾರಿಗೆ ಅಡ್ಡ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ತೊಡಕು. ಅನುಭವ ಇಲ್ಲದಿದ್ದರೆ ಕೆಲಸವಿಲ್ಲ, ಕೆಲಸ ಸಿಗದೆ ಅನುಭವವಿಲ್ಲ. ಇದನ್ನು ಬಿಡಿಸಿಕೊಳ್ಳಲು ಇರುವ ಉಪಾಯವೇ ಪೋರ್ಟ್‌ಫೋಲಿಯೋ: ಯಾರೂ ಕೆಲಸ ಕೊಡದಿದ್ದರೆ ನೀನೇ ಒಂದು ಕೆಲಸ ಹಚ್ಚಿಕೋ, ಮುಗಿಸು, ಎಲ್ಲರಿಗೂ ಕಾಣುವ ಹಾಗೆ ಇಡು. 2008ರಲ್ಲಿ ಗಿಟ್‌ಹಬ್ ಬಂದ ಮೇಲೆ ಹಾಗೆ ಇಡುವ ಜಾಗ ಸಿಕ್ಕಿತು. ಬರೆದ ಕೋಡ್ ಮಾತ್ರವಲ್ಲ, ಯಾವ ದಿನ ಯಾವ ಸಾಲು ತಿದ್ದಿದರು ಎಂಬುದೂ ಅಲ್ಲಿ ಉಳಿಯುತ್ತದೆ. 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪಿನಂಥ ಉಚಿತ ಕಲಿಕೆಯ ತಾಣಗಳು ಪ್ರಾಜೆಕ್ಟ್ ಮಾಡಿ ಮುಗಿಸಿದವರಿಗೆ ಪ್ರಮಾಣಪತ್ರ ಕೊಟ್ಟವು. ಎಲ್ಲಿ ಓದಿದೆ ಎಂಬುದು ಬೇಡ, ಮಾಡಿ ತೋರಿಸು ಎಂಬ ಭರವಸೆ ಬಹಳ ಜನರನ್ನು ಎಳೆಯಿತು.

ಮುಂಬೈ ಕನ್ನಡಿಗರಿಗೆ ಈ ಭರವಸೆ ಹೊಸದೇನಲ್ಲ. ನಮ್ಮಪ್ಪ ಉಡುಪಿ ಕಡೆಯಿಂದ ಬಂದು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಟೇಬಲ್ ಒರೆಸುತ್ತಿದ್ದವರು. ಸಂಜೆ ರಾತ್ರಿ ಶಾಲೆ. ಆ ತಲೆಮಾರಿನ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಬ್ಯಾಂಕಿಗೋ ಮಿಲ್ಲಿನ ಆಫೀಸಿಗೋ ಹೋದವರು. ಮೆಟ್ರಿಕ್ ಜೊತೆಗೆ ಇನ್ನೊಂದು ಕಾಗದ ಬೇಕಿತ್ತು, ಟೈಪಿಂಗ್ ಸರ್ಟಿಫಿಕೇಟು. ನಿಮಿಷಕ್ಕೆ 30 ಪದ ಒಂದು ಹಂತ, 40 ಪದ ಮುಂದಿನ ಹಂತ. ಸಂದರ್ಶನದಲ್ಲಿ ಸರ್ಟಿಫಿಕೇಟನ್ನೂ ನಂಬುತ್ತಿರಲಿಲ್ಲವಂತೆ. ಮೆಷಿನ್ನಿನ ಮುಂದೆ ಕೂರಿಸಿ, ಅಚ್ಚಾದ ಒಂದು ಪುಟ ಕೊಟ್ಟು, ಗಡಿಯಾರ ಹಿಡಿದು ನಿಲ್ಲುತ್ತಿದ್ದರು. ಮುಗಿದ ಮೇಲೆ ತಪ್ಪು ಎಣಿಸುತ್ತಿದ್ದರು. ನಿನ್ನೆಯವರೆಗೆ ಇಡ್ಲಿ ತಟ್ಟೆ ಎತ್ತುತ್ತಿದ್ದವನೋ ವಕೀಲರ ಮಗನೋ ಎಂಬುದು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಪ್ಪ ಆ ಪರೀಕ್ಷೆಯನ್ನು ಕೊನೆಯವರೆಗೂ ಗೌರವದಿಂದಲೇ ನೆನೆಯುತ್ತಿದ್ದರು.

ಹಾಗಾದರೆ ಪೋರ್ಟ್‌ಫೋಲಿಯೋ ಇವತ್ತಿನ ಟೈಪಿಂಗ್ ಪರೀಕ್ಷೆ ಎನ್ನಬಹುದೇ? ಬಹಳ ದಿನ ನಾನು ಹಾಗೆಯೇ ಎಣಿಸುತ್ತಿದ್ದೆ, ನೋಡುವುದನ್ನೂ ಹಾಗೆಯೇ ನೋಡುತ್ತಿದ್ದೆ: ಕೋಡ್ ಅಚ್ಚುಕಟ್ಟಾಗಿದೆಯೇ, ತಪ್ಪು ಎಷ್ಟು. ಅರ್ಜಿಗಳನ್ನು ನೋಡುತ್ತ ಹೋದಂತೆ ಹೋಲಿಕೆ ಒಂದು ಕಡೆ ಕೂಡುವುದಿಲ್ಲವೆಂದು ಕಾಣತೊಡಗಿತು. ಟೈಪಿಂಗ್ ಪರೀಕ್ಷೆಯಲ್ಲಿ ಪುಟ ಕೊಡುವವರು ಪರೀಕ್ಷಕರು. ಅಲ್ಲಿ ಏನು ಬರೆದಿದೆಯೆಂಬ ಚಿಂತೆ ಟೈಪ್ ಮಾಡುವವನಿಗಿಲ್ಲ. ಪೋರ್ಟ್‌ಫೋಲಿಯೋದಲ್ಲಿ ಪುಟವನ್ನು ಆರಿಸಿಕೊಳ್ಳಬೇಕಾದವರು ಅಭ್ಯರ್ಥಿಯೇ. ಪರೀಕ್ಷೆಯ ಅರ್ಧ ಭಾಗ ಅಲ್ಲೇ ಮುಗಿದಿರುತ್ತದೆ. ಹವಾಮಾನದ ಆ್ಯಪ್ ತಂದವರು ಆ ಅರ್ಧವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಬಂದಿರುತ್ತಾರೆ.

ಆರಿಸಿಕೊಳ್ಳುವುದೆಂದರೇನು ಎಂದು ನನಗೆ ತಿಳಿದದ್ದು ನಮ್ಮ ಬಿಲ್ಡಿಂಗಿನ ಒಬ್ಬ ಹೆಂಗಸಿನಿಂದ. ಕಲಬುರಗಿ ಕಡೆಯವರು, ಬಿ.ಕಾಂ. ಓದಿದ್ದಾರೆ, ಎಂಐಡಿಸಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ. ಯೂಟ್ಯೂಬ್ ನೋಡಿ ಜಾವಾಸ್ಕ್ರಿಪ್ಟ್ ಕಲಿತಿದ್ದರು. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದು, “ಅಣ್ಣಾರ, ನನ್ನ ಪ್ರಾಜೆಕ್ಟ್ ಒಮ್ಮೆ ನೋಡ್ರಿ,” ಎಂದರು. ಅದೇ ಮೂರು. ಕೋಡ್ ಕೆಟ್ಟದೇನೂ ಇರಲಿಲ್ಲ. ಹೇಳಲು ಬೇರೇನೂ ತೋಚದೆ, “ಆಫೀಸಿನಲ್ಲಿ ದಿನಾ ಏನು ಕೆಲಸ ನಿಮ್ಮದು?” ಎಂದು ಕೇಳಿದೆ.

“ಏನಿಲ್ರಿ, ಬರೇ ಬಿಲ್ ಎಂಟ್ರಿ.”

“ಫೋನ್ ಹೆಚ್ಚು ಯಾವುದಕ್ಕೆ ಬರುತ್ತದೆ?”

“ದಾರ್ಯಾಗ ಗಾಡಿ ಕೆಟ್ಟು ನಿಂತ್ರ ಡ್ರೈವರ್ ಮಾಡ್ತಾನ್ರಿ. ಈ-ವೇ ಬಿಲ್ ಯಾವಾಗ ಮುಗೀತದ ಅಂತ ನೋಡಿ ಹೇಳ್ಬೇಕು.”

‘ಬರೇ ಬಿಲ್ ಎಂಟ್ರಿ’ಯೊಳಗೆ ಏನಿತ್ತೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಜಿಎಸ್‌ಟಿ ಬಂದ ಮೇಲೆ, 2018ರ ಏಪ್ರಿಲ್ 1ರಿಂದ, 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ರಾಜ್ಯ ದಾಟಬೇಕಾದರೆ ಜೊತೆಗೆ ಈ-ವೇ ಬಿಲ್ ಇರಬೇಕು. ಅದಕ್ಕೆ ಆಯುಸ್ಸಿದೆ. 2021ರ ಜನವರಿಯಿಂದ ಲೆಕ್ಕ ಹೀಗೆ: ಪ್ರತಿ 200 ಕಿಲೋಮೀಟರಿಗೆ, ಅಥವಾ ಅದರ ಭಾಗಕ್ಕೆ, ಒಂದು ದಿನ. ಡೊಂಬಿವಲಿಯಿಂದ ಹುಬ್ಬಳ್ಳಿಗೆ ಸುಮಾರು 550 ಕಿಲೋಮೀಟರ್. ಮೂರು ದಿನ ಸಿಗುತ್ತದೆ. ಖಂಬಾಟ್ಕಿ ಘಾಟಿಯಲ್ಲಿ ಆ್ಯಕ್ಸೆಲ್ ಮುರಿದು ಗಾಡಿ ನಿಂತು, ಬಿಲ್ಲಿನ ಅವಧಿ ಮುಗಿದು, ಮುಂದೆಲ್ಲೋ ಅಧಿಕಾರಿಗಳು ಹಿಡಿದರೆ ಸರಕು ಅಲ್ಲೇ. ದಂಡ ತೆರಿಗೆಯ ಎರಡು ಪಟ್ಟಿನವರೆಗೆ ಹೋಗುತ್ತದೆ.

ಮೂರು ದಿನವೆಂದರೆ ಎಪ್ಪತ್ತೆರಡು ತಾಸು ಎಂದು ಯಾವ ಪ್ರೋಗ್ರಾಮರನೂ ಬರೆದುಬಿಡುತ್ತಾನೆ. ನಾನೂ ಬಾಯಲ್ಲಿ ಅದನ್ನೇ ಹೇಳಿದೆ. “ತಾಸಿನ ಲೆಕ್ಕ ಅಲ್ರಿ ಅಣ್ಣಾರ, ಮಧ್ಯರಾತ್ರಿ ಲೆಕ್ಕ,” ಎಂದು ಅವರು ನನ್ನನ್ನು ತಿದ್ದಿದರು. ನಿಯಮ ಹಾಗೇ ಇದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಿಲ್ ಶುರುವಾದರೆ ಮೊದಲ ದಿನ ಮುಗಿಯುವುದು ಮಂಗಳವಾರ ಮಧ್ಯರಾತ್ರಿ. ಮೂರನೆಯದು ಗುರುವಾರ ಮಧ್ಯರಾತ್ರಿ. ಅದೂ ಬಿಲ್ ಮಾಡಿದ ಹೊತ್ತಿನಿಂದಲ್ಲ, ‘ಪಾರ್ಟ್ ಬಿ’ಯಲ್ಲಿ ಗಾಡಿ ನಂಬರು ಮೊದಲ ಸಲ ತುಂಬಿದ ಹೊತ್ತಿನಿಂದ. ಅವಧಿ ಬೆಳೆಸಿಕೊಳ್ಳಲು ಮುಗಿಯುವ ಹೊತ್ತಿಗೆ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಅವಕಾಶ. ಅಂದರೆ ಗುರುವಾರ ಸಂಜೆ ನಾಲ್ಕರಿಂದ ಶುಕ್ರವಾರ ಬೆಳಿಗ್ಗೆ ಎಂಟರೊಳಗೆ. ಎಪ್ಪತ್ತೆರಡು ತಾಸಿನ ನನ್ನ ಲೆಕ್ಕದಂತೆ ಹೋದರೆ ಗುರುವಾರ ಬೆಳಿಗ್ಗೆ ಹತ್ತಕ್ಕೇ ಅವಧಿ ಮುಗಿಯಿತೆಂದು ಗಾಬರಿಯಾಗಬೇಕು, ಪೋರ್ಟಲ್ ತೆರೆದರೆ ಅದು ಇನ್ನೂ ಅವಕಾಶವನ್ನೇ ಕೊಡುವುದಿಲ್ಲ. ದೊಡ್ಡ ಬಾಯ್ಲರಿನಂಥ, ಅಳತೆ ಮೀರಿದ ಸರಕಾದರೆ ದಿನಕ್ಕೆ ಇನ್ನೂರಲ್ಲ, ಇಪ್ಪತ್ತೇ ಕಿಲೋಮೀಟರು. ಇದಿಷ್ಟನ್ನೂ ಅವರು ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸಿದರು. ಹೇಳುವಾಗ ತಾನೇನೋ ವಿಶೇಷ ಹೇಳುತ್ತಿದ್ದೇನೆಂಬ ಭಾವ ಮುಖದಲ್ಲಿ ಇರಲಿಲ್ಲ.

ಅವರ ನಾಲ್ಕನೆಯ ಪ್ರಾಜೆಕ್ಟ್ ಅದೇ ಆಯಿತು. ಬಿಲ್ಲುಗಳ ಎಕ್ಸೆಲ್ ಪಟ್ಟಿ ಹಾಕಿದರೆ ಇವತ್ತು ರಾತ್ರಿ ಯಾವುದರ ಅವಧಿ ಮುಗಿಯುತ್ತದೆ, ಯಾವಾಗಿನಿಂದ ಯಾವಾಗಿನವರೆಗೆ ಬೆಳೆಸಬಹುದು ಎಂದು ತೋರಿಸುವ ಒಂದೇ ಪುಟ. ಹೊರಗೆ ಇಟ್ಟ ಪ್ರತಿಯಲ್ಲಿ ಗಾಡಿ ನಂಬರು, ಪಾರ್ಟಿ ಹೆಸರು ಎಲ್ಲ ಕಲ್ಪಿಸಿದ್ದು; ಆಫೀಸಿನ ಮಾಹಿತಿ ಆಫೀಸಿನದು. ಯಜಮಾನರ ಒಪ್ಪಿಗೆ ಪಡೆದು ಜೊತೆಯ ಗುಮಾಸ್ತೆಗೆ ಬಳಸಲು ಕೊಟ್ಟರು. ಎರಡು ದಿನಕ್ಕೆ ಆಕೆಯ ತಕರಾರು ಬಂತು: ತಾರೀಕಿನ ಕೋಷ್ಟಕ ಯಾರಿಗೆ ಬೇಕು, ಯಾವ ಡ್ರೈವರಿಗೆ ಮೊದಲು ಫೋನ್ ಮಾಡಬೇಕು ಅದು ಹೇಳು. ಕೋಷ್ಟಕ ಹೋಗಿ ಫೋನ್ ಮಾಡಬೇಕಾದ ಕ್ರಮದಲ್ಲಿ ಹೆಸರುಗಳ ಪಟ್ಟಿ ಬಂತು. ಆ ಬದಲಾವಣೆಯಲ್ಲಿ ತಂತ್ರಜ್ಞಾನ ಏನೂ ಇರಲಿಲ್ಲ. ಆದರೂ ಪ್ರಾಜೆಕ್ಟ್ ಬೇರೆಯೇ ಆಯಿತು, ಏಕೆಂದರೆ ಈಗ ಅದನ್ನು ನಂಬಿ ಕೂತವರು ಒಬ್ಬರಿದ್ದರು.

ಆಮೇಲೆ ಒಂದು ತೊಂದರೆ ಕಾಣಿಸಿತು. ರಾತ್ರಿ ಲೋಡ್ ಆಗುವ ಗಾಡಿಗಳಿಗೆ ಮಾತ್ರ ಒಂದು ದಿನ ಕಡಿಮೆ ತೋರಿಸುತ್ತಿತ್ತು. ಪುಟವನ್ನು ಇಟ್ಟಿದ್ದ ಸರ್ವರಿನ ಗಡಿಯಾರ ಗ್ರೀನ್‌ವಿಚ್ ಸಮಯದ್ದು, ನಮಗಿಂತ ಐದೂವರೆ ಗಂಟೆ ಹಿಂದೆ. ಮಂಗಳವಾರ ರಾತ್ರಿ ಎರಡು ಗಂಟೆಗೆ ಗಾಡಿ ಹೊರಟರೆ ಸರ್ವರಿಗೆ ಅದಿನ್ನೂ ಸೋಮವಾರ ಸಂಜೆ ಎಂಟೂವರೆ. ಇದನ್ನು ಸರಿಪಡಿಸುವ ಬಗೆ ಅವರಿಗೆ ಗೊತ್ತಿರಲಿಲ್ಲ, ಓದಿ ಕಲಿತರು. ನನ್ನ ಗಮನ ಹೋದದ್ದು ಅದರ ಹಿಂದಿನ ಹೆಜ್ಜೆಗೆ. ಅಂಥ ಗಾಡಿಯ ಎರಡು ದಿನದ ಬಿಲ್ಲಿಗೆ ಪರದೆಯ ಮೇಲೆ ಬುಧವಾರ ಎಂದಿತ್ತು. ಪ್ರೋಗ್ರಾಂ ನಿಲ್ಲಲಿಲ್ಲ, ಕೆಂಪು ಅಕ್ಷರದ ಎಚ್ಚರಿಕೆ ಬರಲಿಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು, ಉತ್ತರ ಮಾತ್ರ ತಪ್ಪಾಗಿತ್ತು. ನೋಡಿದೊಡನೆ ಅವರು, “ಇದು ಗುರುವಾರ ಆಗ್ಬೇಕಲ್ಲ,” ಎಂದರು. ನನ್ನ ಕಣ್ಣೆದುರೇ ಅದು ಇದ್ದಿದ್ದರೂ ನಾನು ದಾಟಿಹೋಗುತ್ತಿದ್ದೆ.

ಯಾವ ಪ್ರಾಜೆಕ್ಟ್ ಮಾಡಲಿ ಎಂದು ಕೇಳುವವರಿಗೆ ಈಗ ನಾನು ಹೇಳುವ ಮಾತು ಇದರಿಂದಲೇ ಹುಟ್ಟಿದ್ದು. ತಪ್ಪು ಉತ್ತರ ಬಂದರೆ ನೀವು ನೋಡಿದೊಡನೆ ಹಿಡಿಯಬಲ್ಲ ವಿಷಯವನ್ನು ಆರಿಸಿಕೊಳ್ಳಿ. ಹವಾಮಾನದ ಆ್ಯಪ್ 29 ಡಿಗ್ರಿ ಎಂದರೂ 31 ಎಂದರೂ ಮಾಡಿದವರಿಗೆ ಎರಡೂ ಒಂದೇ. ಅದು ಸರಿಯೋ ಎಂದು ಅವರು ಕಿಟಕಿಯಾಚೆ ನೋಡುವುದೂ ಇಲ್ಲ. ಪ್ರೋಗ್ರಾಮಿಂಗಿನ ಕಷ್ಟವೆಲ್ಲ ಇರುವುದು ‘ನಡೆಯುತ್ತಿದೆ’ ಮತ್ತು ‘ಸರಿಯಾಗಿದೆ’ ಇವೆರಡರ ನಡುವೆ. ಆ ಅಂತರ ಕಾಣಬೇಕಾದರೆ ವಿಷಯ ಗೊತ್ತಿರಬೇಕು. ಇಪ್ಪತ್ತೆರಡರ ಎಂಜಿನಿಯರಿಂಗ್ ಪದವೀಧರನಿಗೆ ಕೋಡ್ ಚೆನ್ನಾಗಿ ಬರಬಹುದು. ಹತ್ತು ವರ್ಷ ಬೇರೆ ಕಡೆ ದುಡಿದವರಲ್ಲಿರುವ ಈ ಕಣ್ಣು ಅವನಿಗೆ ಇನ್ನೂ ಬಂದಿರುವುದಿಲ್ಲ. ವಿಚಿತ್ರವೆಂದರೆ ಸ್ವಿಚ್ ಮಾಡುವವರು ಮೊದಲು ಮುಚ್ಚಿಡುವುದು ಅದನ್ನೇ. ಟ್ರಾನ್ಸ್‌ಪೋರ್ಟ್ ಆಫೀಸಿನ ವರ್ಷಗಳು ರೆಸ್ಯೂಮೆಯಲ್ಲಿ ಒಂದು ಸಾಲಿಗೆ ಕುಗ್ಗುತ್ತವೆ, ಹವಾಮಾನದ ಆ್ಯಪಿಗೆ ಅರ್ಧ ಪುಟ ಸಿಗುತ್ತದೆ.

ಕನ್ನಡದಲ್ಲಿ ಕಂಪ್ಯೂಟರ್ ಬಳಸುವ ಯಾರಿಗೂ ಇದರ ದೊಡ್ಡ ಉದಾಹರಣೆ ಬೆರಳ ತುದಿಯಲ್ಲೇ ಇದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್ ಮುಂಬೈಗೆ ಬಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಮುಂದೆ ಟಾಟಾ ಪ್ರೆಸ್ ಮೂಲಕ ಅಚ್ಚಿನ ಲೋಕಕ್ಕೆ ಹೋದರು. ಅಲ್ಲಿ ಅಕ್ಷರಗಳ ಜೊತೆ ಬದುಕಿದರು. ಹಳೆಯ ಕನ್ನಡ ಟೈಪ್‌ರೈಟರ್ ಅಕ್ಷರವನ್ನು ಆಕಾರದಂತೆ ತುಂಡು ಮಾಡಿತ್ತು: ತಲೆಕಟ್ಟು, ಕೊಂಬು, ಒತ್ತು ಎಂದು ಕೀಲಿಗಳಿಗೆ ಹಂಚಿ, ಟೈಪ್ ಮಾಡುವವರೇ ಜೋಡಿಸಿಕೊಳ್ಳಬೇಕಿತ್ತು. ರಾವ್ ಉಚ್ಚಾರವನ್ನು ಹಿಡಿದರು. ವ್ಯಂಜನದ ಕೀಲಿ, ಆಮೇಲೆ ಸ್ವರದ ಕೀಲಿ. ಒತ್ತಕ್ಷರ ಬೇಕಾದರೆ ನಡುವೆ ಒಂದು ಕೊಂಡಿಯ ಕೀಲಿ. ಆಕಾರ ಕೂಡಿಸುವುದು ಯಂತ್ರದ ಕೆಲಸ. 1980ರ ದಶಕದ ಕೊನೆಗೆ ಅವರು ಮಾಡಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಅವರ ಕೀಲಿಮಣೆ ವಿನ್ಯಾಸವೇ ಮುಂದೆ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳನ್ನೂ ಮುಟ್ಟಿತು. ಅಲ್ಲಿ ಮುಖ್ಯವಾದದ್ದು ಪ್ರೋಗ್ರಾಂ ಬರೆಯುವ ಜಾಣ್ಮೆಯೊಂದೇ ಅಲ್ಲ. ಕನ್ನಡದ ಅಕ್ಷರ ಹೇಗೆ ಕೂಡಿಕೊಳ್ಳುತ್ತದೆ, ಎಲ್ಲಿ ಕೆಟ್ಟರೆ ಓದುವ ಕಣ್ಣು ಎಡವುತ್ತದೆ ಎಂಬ ಅರಿವು ಇಲ್ಲದಿದ್ದರೆ ಆ ವಿನ್ಯಾಸ ಹುಟ್ಟುತ್ತಿರಲಿಲ್ಲ. ಪ್ರೆಸ್ಸಿನ ಮೊಳೆಗಳ ನಡುವಿನಿಂದ ಬಂದ ಅರಿವು ಅದು.

ಇಷ್ಟು ಹೇಳಿದ ಮೇಲೆ ನನಗೇ ಕೆಲವು ಅನುಮಾನಗಳಿವೆ. ಮೊದಲನೆಯದು, ಹಳೆ ಕೆಲಸವನ್ನು ಬಿಟ್ಟು ಓಡಬೇಕೆಂದೇ ಹೊರಟವರಿಗೆ ಅದನ್ನೇ ಮತ್ತೆ ಅಗೆಯಿರಿ ಎನ್ನುವುದು ನ್ಯಾಯವೇ? ಸ್ಫೋಟದ ಮರುದಿನವೂ ಲ್ಯಾಬಿಗೆ ಹೋಗಬೇಕಾಗಿದ್ದ ಕೆಮಿಸ್ಟ್ ಒಬ್ಬರು, “ಆ ಹೆಸರುಗಳನ್ನು ಇನ್ನೊಮ್ಮೆ ಟೈಪ್ ಮಾಡಲಾರೆ,” ಎಂದಿದ್ದರು. ಅವರ ಮಾತು ಸರಿ. ಆದರೆ ತಪ್ಪನ್ನು ಹಿಡಿಯಬಲ್ಲ ವಿಷಯ ಆಫೀಸಿನಲ್ಲೇ ಇರಬೇಕೆಂದೇನಿಲ್ಲ. ಅವರು ತಮ್ಮ ಸೊಸೈಟಿಯ ಟ್ರೆಷರರ್. ಮೇಂಟೆನೆನ್ಸ್ ಬಾಕಿ, ಬಾಡಿಗೆಗೆ ಕೊಟ್ಟ ಫ್ಲ್ಯಾಟಿನ ಹೆಚ್ಚುವರಿ ಶುಲ್ಕ, ಟ್ಯಾಂಕರ್ ನೀರಿನ ಖರ್ಚನ್ನು ಯಾರಿಗೆ ಎಷ್ಟು ಹಂಚಬೇಕೆಂಬ ಜಗಳ, ಇವೆಲ್ಲದರ ನಿಯಮ ಅವರ ನಾಲಗೆಯ ಮೇಲಿತ್ತು. ಬೇಕಾದದ್ದು ಅಷ್ಟೇ.

ಎರಡನೆಯದು ಬಿಡುವಿನ ಪ್ರಶ್ನೆ, ಇದು ಮೊದಲನೆಯದಕ್ಕಿಂತ ಕಠಿಣ. ಮಾಡಿ ತೋರಿಸು ಎಂಬ ಭರವಸೆ ಎಲ್ಲರಿಗೂ ಸಂಜೆ ಇದೆಯೆಂದು ನಂಬಿಕೊಂಡಿದೆ. ಠಾಕುರ್ಲಿಯಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಸ್ಲೋ ಗಾಡಿಯಲ್ಲಿ ನಿಂತು ಮನೆಗೆ ಬಂದು, ಅಡುಗೆ, ಮಗುವಿನ ಹೋಮ್‌ವರ್ಕ್, ಮರುದಿನದ ಡಬ್ಬಿ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆಯುವವರು ರಾತ್ರಿ ಎಷ್ಟು ಹೊತ್ತು ಎಚ್ಚರವಿರಬಲ್ಲರು? ಕೋಡ್ ಸೇರಿಸಿದ ದಿನಗಳನ್ನು ತೋರಿಸುವ ಗಿಟ್‌ಹಬ್ಬಿನ ಹಸಿರು ಚೌಕಗಳು ದಿನಾ ತುಂಬಿರಬೇಕೆಂದು ಬಯಸುವವರು ಒಬ್ಬರ ಶ್ರದ್ಧೆಯನ್ನು ಅಳೆಯುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಅಳೆಯುವುದು ಹೆಚ್ಚಾಗಿ ಮನೆಗೆಲಸಕ್ಕೆ ಬೇರೆ ಯಾರಿದ್ದಾರೆ ಎಂಬುದನ್ನು. ರಾತ್ರಿ ಶಾಲೆಗೆ ಹೋದವರೂ ನಿದ್ದೆಗೆಟ್ಟೇ ಓದಿದರು, ನಿಜ. ಆದರೆ ಅವರಿಗೊಂದು ಶಾಲೆ ಇತ್ತು. ಊರಿನವರು ಕೂಡಿ ಕಟ್ಟಿದ್ದು, ಬೆಂಚು ಇತ್ತು, ಮೇಷ್ಟರಿದ್ದರು, ಪಕ್ಕದಲ್ಲಿ ಅದೇ ಸ್ಥಿತಿಯ ಇನ್ನೊಬ್ಬನಿದ್ದ. ಶಾಲೆಯ ಹೊತ್ತಿಗೆ ಹುಡುಗರನ್ನು ಬಿಡುತ್ತಿದ್ದ ಹೋಟೆಲ್ ಮಾಲೀಕರೂ ಇದ್ದರು. ಇವತ್ತಿನವರು ಒಬ್ಬರೇ, ಹೆಡ್‌ಫೋನ್ ಹಾಕಿಕೊಂಡು. ಮುಂಬೈ ಸುತ್ತಮುತ್ತ ನಮ್ಮ ಸಂಘಗಳಿಗೆ ಸಭಾಂಗಣಗಳಿವೆ. ಯಕ್ಷಗಾನಕ್ಕೂ ಅರಸಿನ ಕುಂಕುಮಕ್ಕೂ ಸಿಗುವ ಜಾಗ ಭಾನುವಾರ ಎರಡು ಗಂಟೆ ಇವರಿಗೂ ಸಿಕ್ಕಿ, ಬರೆದದ್ದನ್ನು ನೋಡಿ ಹೇಳುವ ಒಬ್ಬರು ಅಲ್ಲಿ ಕೂತರೆ, ಅದು ರಾತ್ರಿ ಶಾಲೆಯ ಕೆಲಸವೇ.

ಮೂರನೆಯದು ಎಐ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹವಾಮಾನದ ಆ್ಯಪ್ ಮಾಡಲು ಚಹಾ ಕುಡಿಯುವಷ್ಟು ಹೊತ್ತೂ ಬೇಡ. ಅಂಥ ಪ್ರಾಜೆಕ್ಟಿಗೆ ಇದ್ದ ಅಲ್ಪಸ್ವಲ್ಪ ಬೆಲೆಯೂ ಹೋಯಿತು. ಈ-ವೇ ಬಿಲ್ಲಿನ ನಿಯಮವನ್ನೂ ಅದು ಹೇಳಬಲ್ಲದು, ಏಕೆಂದರೆ ನಿಯಮ ಅಚ್ಚಾಗಿದೆ. ಆದರೆ ಅದು ಕೊಟ್ಟ ಕೋಡ್ ರಾತ್ರಿ ಎರಡರ ಗಾಡಿಗೆ ಬುಧವಾರ ಎಂದಾಗ ಅಲ್ಲ ಎನ್ನಲು ಒಬ್ಬರು ಬೇಕು. ಕೋಡ್ ಬರೆಯುವುದು ಅಗ್ಗವಾದಷ್ಟೂ ಅದು ತಪ್ಪೆಂದು ಹೇಳಬಲ್ಲವರು ಬೇಕಾಗುತ್ತಾರೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಹೊಸಬರ ಹುದ್ದೆಗಳೇ ಕಡಿಮೆಯಾದರೆ ಒಳಗೆ ಬರುವ ಬಾಗಿಲು ಕಿರಿದಾಗುತ್ತದೆ. ಎಷ್ಟು ಒಳ್ಳೆಯ ಪ್ರಾಜೆಕ್ಟ್ ಮಾಡಿದರೂ ಆ ಬಾಗಿಲನ್ನು ಅಗಲಿಸಲಾಗದು.

ಆ ಬಾಗಿಲಿನ ಈಚೆ ಕೂತ ನಮ್ಮ ಬಗ್ಗೆಯೂ ಹೇಳಬೇಕು. ಅನೇಕ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಸೋಸುವುದು ಡಿಗ್ರಿ, ವರ್ಷ, ಕೀವರ್ಡ್ ನೋಡಿ. ಪೋರ್ಟ್‌ಫೋಲಿಯೋದ ಲಿಂಕನ್ನು ಯಾರೂ ಒತ್ತದೆಯೇ ಎಷ್ಟೋ ಅರ್ಜಿಗಳು ಹಿಂದೆ ಸರಿಯುತ್ತವೆ. ಲಿಂಕ್ ಒತ್ತಿದವರೂ ಬಣ್ಣ, ಬಟನ್ ನೋಡಿ ಮುಂದೆ ಹೋಗುತ್ತಾರೆ. ಟೈಪಿಂಗ್ ಪರೀಕ್ಷಕನ ಕೈಯಲ್ಲಿ ಗಡಿಯಾರವಿತ್ತು, ಅವನು ಪುಟದ ಅರ್ಥ ತಿಳಿಯಬೇಕಾಗಿರಲಿಲ್ಲ. ನಮಗೆ ಆ ಅನುಕೂಲವಿಲ್ಲ. ಅಭ್ಯರ್ಥಿ ತಾನೇ ಪುಟ ಆರಿಸಿಕೊಂಡು ಬರಬೇಕೆಂದು ಹೇಳಿದ ಮೇಲೆ ಆ ಪುಟವನ್ನು ಓದುವ ಹೊಣೆ ನಮ್ಮ ಮೇಲಿರುತ್ತದೆ. ಈ-ವೇ ಬಿಲ್ಲಿನ ಪ್ರಾಜೆಕ್ಟ್ ಮೊದಲು ಹೋದ ಕಡೆಗಳಲ್ಲಿ, ಇದರಲ್ಲಿ ಲಾಗಿನ್ ಪುಟವೇ ಇಲ್ಲವಲ್ಲ ಎಂದರಂತೆ. ಕೊನೆಗೆ ಅದನ್ನು ಓದಿದವರು ಲಾರಿ ಸಾಗಣೆಗೆ ಸಾಫ್ಟ್‌ವೇರ್ ಮಾಡುವ ಒಂದು ಚಿಕ್ಕ ಕಂಪನಿಯವರು. ಮಧ್ಯರಾತ್ರಿಯ ಲೆಕ್ಕ ಅವರಿಗೆ ಗೊತ್ತಿತ್ತು. ಕರೆದದ್ದು ಟೆಸ್ಟಿಂಗ್ ಕೆಲಸಕ್ಕೆ, ಡೆವಲಪರ್ ಆಗಿ ಅಲ್ಲ. ಸಂಬಳವೂ ಹಾರಿ ಕುಣಿಯುವಷ್ಟೇನಿಲ್ಲ. ನಮ್ಮ ನೆರೆಯವರು ಒಪ್ಪಿಕೊಂಡರು. ತಪ್ಪು ಹಿಡಿಯುವುದೇ ಕೆಲಸವಾದರೆ ಶುರು ಮಾಡಲು ಅದು ಕೆಟ್ಟ ಜಾಗವಲ್ಲವೆಂದು ಅವರ ಲೆಕ್ಕ. ಈಗ ಅಲ್ಲಿಯೇ ಸಣ್ಣಪುಟ್ಟ ಕೋಡ್ ತಿದ್ದುವುದೂ ಅವರ ಪಾಲಿಗೆ ಬರುತ್ತಿದೆ.

ಆದರೆ ಕೆಲಸ ಸಿಕ್ಕಿತು ಎಂಬಲ್ಲಿಗೆ ಇದರ ಲಾಭ ಮುಗಿಯಿತೆಂದು ನನಗನಿಸುವುದಿಲ್ಲ. ಆ ಪ್ರಾಜೆಕ್ಟಿನ ಮೊದಲ ಪುಟದಲ್ಲಿ, ರೀಡ್‌ಮೀಯಲ್ಲಿ, ಅವರು ಅವಧಿಯ ನಿಯಮಗಳನ್ನು ಒಂದೊಂದಾಗಿ ಬರೆದಿದ್ದಾರೆ: ಯಾವ ಹೊತ್ತಿನಿಂದ ಎಣಿಕೆ, ಯಾವ ಸರಕಿಗೆ ಬೇರೆ ಲೆಕ್ಕ, ಗಾಡಿ ಬದಲಾದರೆ ಏನು, ಇದರಲ್ಲಿ ಏನನ್ನು ಸೇರಿಸಿಲ್ಲ, ಏಕೆ. ಏನನ್ನು ಸೇರಿಸಿಲ್ಲವೆಂದು ಬರೆಯುವ ಹೊಸಬರು ಅಪರೂಪ. ‘ಬರೇ ಬಿಲ್ ಎಂಟ್ರಿ’ ಎಂದು ಒಂದೇ ಉಸಿರಿನಲ್ಲಿ ತಳ್ಳಿಹಾಕಿದ ಕೆಲಸ ಅಲ್ಲಿ ಎರಡು ಪುಟ ತುಂಬಿದೆ. ಕಂಪ್ಯೂಟರಿಗೆ ಹೇಳಬೇಕಾದರೆ ಯಾವುದನ್ನೂ ‘ಬರೇ’ ಎಂದು ಬಿಡಲಾಗುವುದಿಲ್ಲ, ಕೈ ತಾನಾಗಿ ಮಾಡುತ್ತಿದ್ದುದನ್ನೆಲ್ಲ ಮಾತಿಗೆ ತರಬೇಕು. ಹಾಗೆ ತಂದವರಿಗೆ ತಾವು ಇಷ್ಟು ವರ್ಷ ಏನು ಮಾಡುತ್ತಿದ್ದೆವೆಂದು ಬಹುಶಃ ಮೊದಲ ಸಲ ಕಾಣುತ್ತದೆ. ಸ್ವಿಚ್ ಆಗಲಿ ಆಗದಿರಲಿ, ಆ ಕಾಣ್ಕೆ ಅವರಲ್ಲಿ ಉಳಿಯುತ್ತದೆ. ಸೊಸೈಟಿಯ ಟ್ರೆಷರರ್ ಆಗಿರುವ ಕೆಮಿಸ್ಟರಿಗೆ ಇನ್ನೂ ಬೇರೆ ಕೆಲಸ ಸಿಕ್ಕಿಲ್ಲ. ವಾರ್ಷಿಕ ಸಭೆಯಲ್ಲಿ ಟ್ಯಾಂಕರ್ ಲೆಕ್ಕದ ಜಗಳ ಮಾತ್ರ ಈಚೆಗೆ ಬೇಗ ಮುಗಿಯುತ್ತದೆಯಂತೆ.

ಈಗ ಬೇರೆ ವೃತ್ತಿಯಿಂದ ಬಂದವರು ಎದುರು ಕೂತಾಗ ನಾನು ಹವಾಮಾನದ ಆ್ಯಪನ್ನು ಪಕ್ಕಕ್ಕಿಟ್ಟು, ಹಳೆ ಕೆಲಸದಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ನಿಯಮ ಹೇಳಿ ಎನ್ನುತ್ತೇನೆ. ಹೆಚ್ಚಿನವರು ಅಂಥದ್ದೇನಿಲ್ಲ ಎಂದೇ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಒಂದು ನೆನಪಾಗುತ್ತದೆ, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟ. ಆ ಮಾತುಗಳಲ್ಲಿ ಒಂದೂ ಅವರ ಪೋರ್ಟ್‌ಫೋಲಿಯೋದಲ್ಲಿ ಇರುವುದಿಲ್ಲ. ಮನೆಗೆ ಹೋಗಿ ಅದನ್ನೇ ಮಾಡಿ ಎಂದು ಹೇಳಿ ಕಳಿಸುತ್ತೇನೆ.